ಸಣ್ಣ ಪದಗಳ ಖಾನೆಗಳು

ಮೊಳೆಯವರ ಮನೆಯಲ್ಲಿ ಮೂವತ್ತೊಂದು ಬೂಟಿನ ಡಬ್ಬಗಳಿದ್ದವು. ಬೂಟು ಮಾತ್ರ ಒಂದು ಜೊತೆಯೂ ಇರಲಿಲ್ಲ. ಅವರ ಹೆಂಡತಿ ಒಂದು ಹೊಲಿಗೆ ಅಂಗಡಿಗೆ ಕಾಜಾ ಹೊಲಿದು ಗುಂಡಿ ಹಾಕಿಕೊಡುತ್ತಿದ್ದರು. ಪಕ್ಕದ ಚಪ್ಪಲಿ ಅಂಗಡಿಯವರನ್ನು ಕೇಳಿ ಡಬ್ಬಗಳನ್ನು ಒಂದೊಂದಾಗಿ ತಂದದ್ದು ಅವರೇ. ಮನೆ ಎಂದರೆ ಎರಡು ಕೋಣೆ. ಮುಂದಿನ ಕೋಣೆಯಲ್ಲಿ ಮಂಚ, ಹೊಲಿಗೆ ಯಂತ್ರ, ಕಿಟಕಿ. ಹಿಂದಿನ ಕೋಣೆಯಲ್ಲಿ ಒಲೆ, ಮತ್ತು ಗೋಡೆಯುದ್ದಕ್ಕೂ ಮೂರು ಹಲಗೆಗಳ ಮೇಲೆ ಈ ಡಬ್ಬಗಳು. ಅಡುಗೆಯ ಪಾತ್ರೆಗಳಿಗೆ ಜಾಗವಿಲ್ಲದೆ ಅವು ಮಂಚದ ಕೆಳಗೆ ಹೋಗಿದ್ದವು.

ಹೆಸರಿಗೆ ಕಾರಣ ಅವರ ಕಸುಬು. ಹದಿನಾರನೆಯ ವಯಸ್ಸಿಗೆ ಶಾಲೆ ಬಿಟ್ಟು ಅಚ್ಚುಕೂಟ ಸೇರಿದರು. ಸೀಸದ ಅಚ್ಚಿನ ಮೊಳೆಗಳನ್ನು ಒಂದೊಂದಾಗಿ ಹೆಕ್ಕಿ ಸಾಲು ಜೋಡಿಸುವುದು, ಅಚ್ಚಾದ ಮೇಲೆ ಬಿಚ್ಚಿ ಮತ್ತೆ ಅದರದರ ಖಾನೆಗೆ ಹಾಕುವುದು. ನಲವತ್ತಾರು ವರ್ಷ ಇದೇ ಕೆಲಸ. ಮೊಳೆ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿರುತ್ತದೆ, ಸಾಲನ್ನು ತಲೆಕೆಳಗಾಗಿ ಹಿಡಿದು ಓದಬೇಕು. "ನಮ್ಮ ಮೊಳೆಯವರಿಗೆ ಇಂಗ್ಲಿಷ್ ಚೆನ್ನಾಗಿ ಬರತ್ತೆ, ಆದ್ರೆ ತಲೆಕೆಳಗಾಗಿ ಬರತ್ತೆ" ಎಂದು ಅಚ್ಚುಕೂಟದವರು ಹಾಸ್ಯ ಮಾಡುತ್ತಿದ್ದರು. ಹಾಸ್ಯವಾದರೂ ಸುಳ್ಳಲ್ಲ. ಆ ಭಾಷೆಯಲ್ಲಿ ಅವರು ಒಂದು ವಾಕ್ಯವನ್ನೂ ಸರಾಗವಾಗಿ ಆಡಲಾರರು. ಆದರೆ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ನಾನು ಬರೆದುಕೊಟ್ಟ ಹಸ್ತಪ್ರತಿಯಲ್ಲಿ ಒಂದು ಸಣ್ಣ ಪದ ತಪ್ಪಿ ಬಿದ್ದರೂ ಅಂಚಿನಲ್ಲಿ ಪೆನ್ಸಿಲಿನ ಪ್ರಶ್ನೆಯ ಗುರುತು ಹಾಕಿ ಕಳಿಸುತ್ತಿದ್ದರು. ನಮ್ಮ ಪರಿಚಯ ಹಾಗೆ ಆದದ್ದು.

ಆ ಸಣ್ಣ ಪದಗಳ ವಿಷಯವನ್ನು ಇಲ್ಲಿ ಹೇಳಿಬಿಡಬೇಕು, ಇಲ್ಲದಿದ್ದರೆ ಡಬ್ಬಗಳು ಅರ್ಥವಾಗುವುದಿಲ್ಲ. ನಮ್ಮ ಭಾಷೆಯಲ್ಲಿ ಸಂಬಂಧ ಹೇಳುವ ಕೆಲಸವನ್ನು ಹೆಸರಿನ ಬಾಲ ಮಾಡುತ್ತದೆ: ನಾಯಿಗೆ ಹೆದರಿದ, ಲೆಕ್ಕದಲ್ಲಿ ಜಾಣ, ಅಣ್ಣನ ಮೇಲೆ ಕೋಪ. ಇಂಗ್ಲಿಷಿಗೆ ಅದಕ್ಕೆ ಬೇರೆಯೇ ಒಂದು ಸಣ್ಣ ಪದ ಬೇಕು. ಅದು ಹೆಸರಿಗಿಂತ ಮುಂಚೆ ಬಂದು ನಿಲ್ಲಬೇಕು. ಯಾವ ಗುಣವಾಚಕಕ್ಕೆ ಯಾವ ಸಣ್ಣ ಪದ ಎನ್ನುವುದು ಹಿರಿಯರು ಗೊತ್ತುಮಾಡಿದ ಮದುವೆ. ಹೆದರಿದವನು ಅಫ್ರೇಡ್ ಆಫ್, ಜಾಣ ಗುಡ್ ಅಟ್, ಸಿಟ್ಟಾದವನು ಆಂಗ್ರಿ ವಿತ್. ಸಿಟ್ಟು ಮನುಷ್ಯನ ಮೇಲಲ್ಲದೆ ಸಂಗತಿಯ ಮೇಲಾದರೆ ಆಂಗ್ರಿ ಅಬೌಟ್. ನಾಮಪದಗಳಿಗೂ ಇದೇ ಕಟ್ಟುಪಾಡು. ನಾವು ಎರಡಕ್ಕೂ 'ಕಾರಣ' ಎಂದು ಮುಗಿಸುವಲ್ಲಿ ಅವರು ಒಂದು ಕಡೆ ಕಾಸ್ ಆಫ್ ಎನ್ನುತ್ತಾರೆ, ಇನ್ನೊಂದು ಕಡೆ ರೀಸನ್ ಫಾರ್ ಎನ್ನುತ್ತಾರೆ, ಅದಲುಬದಲಾದರೆ ತಪ್ಪು. ಯಾಕೆ ಎಂದರೆ ಮೂವತ್ತೆಂಟು ವರ್ಷ ಕಲಿಸಿದ ನನ್ನ ಬಳಿಯೂ ಉತ್ತರವಿಲ್ಲ. ಬಳಕೆ ಹಾಗಿದೆ, ಅಷ್ಟೆ.

ಮೊಳೆಯವರಿಗೆ ಒಬ್ಬಳೇ ಮಗಳು. ನರ್ಸ್ ಆಗಬೇಕೆಂದಿದ್ದಳು. ನರ್ಸಿಂಗ್ ಶಾಲೆಗೆ ಸೇರಲು ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕಿತ್ತು. ಆ ಪತ್ರಿಕೆಯಲ್ಲಿ ಇಪ್ಪತ್ತು ಬಿಟ್ಟ ಜಾಗಗಳನ್ನು ಸಣ್ಣ ಪದಗಳಿಂದ ತುಂಬುವ ಒಂದು ಪ್ರಶ್ನೆ ಪ್ರತಿ ವರ್ಷವೂ ಬರುತ್ತಿತ್ತು. ಹುಡುಗಿ ಮೊದಲ ಸಲ ನಪಾಸಾದಳು. ಎರಡನೆಯ ಪರೀಕ್ಷೆಗೆ ಮುಂಚೆ ತಂದೆಯನ್ನು ಕೇಳಿದಳು: "ಅಪ್ಪಾ, ಯಾವುದಕ್ಕೆ ಯಾವುದು ಅಂತ ಹೇಗೆ ಗೊತ್ತಾಗತ್ತೆ?" ತಂದೆ ಹೇಳಿದರು: "ತಡಿ ಮಗಳೇ, ಸರಿಯಾಗಿ ಮಾಡ್ಕೊಡ್ತೀನಿ."

ಅವತ್ತಿನಿಂದ ಅವರು ಕಾಗದ ಕತ್ತರಿಸುವ ಯಂತ್ರದಡಿ ಬೀಳುತ್ತಿದ್ದ ಎರಡು ಬೆರಳಗಲದ ಪಟ್ಟಿಗಳನ್ನು ಜೇಬಿಗೆ ತುಂಬಿಕೊಂಡು ಮನೆಗೆ ತರಲು ಶುರುಮಾಡಿದರು. ಒಂದು ಪಟ್ಟಿಗೆ ಒಂದು ಜೋಡಿ: ಪದ, ಅದರ ಸಣ್ಣ ಪದ, ಎಲ್ಲಾದರೂ ಅಚ್ಚಾಗಿದ್ದ ಒಂದು ವಾಕ್ಯ, ಅದೇ ಮಾತನ್ನು ನಾವು ಹೇಗೆ ಹೇಳುತ್ತೇವೆ ಎನ್ನುವುದು, ಮೂಲೆಯಲ್ಲಿ ತಾರೀಖು. ಅಚ್ಚುಕೂಟಕ್ಕೆ ಬಂದ ಔಷಧಿಯ ಚೀಟಿ, ಯಂತ್ರದ ಕೈಪಿಡಿ, ವಾರ್ಷಿಕ ವರದಿ ಯಾವುದನ್ನೂ ಬಿಡಲಿಲ್ಲ. ಮಗಳು ಎರಡನೆಯ ಸಲ ನಪಾಸಾದಳು, ಮೂರನೆಯ ಸಲವೂ ಆದಳು. ಆಮೇಲೆ ಆಸ್ಪತ್ರೆಯೊಂದರಲ್ಲಿ ಆಯಾ ಕೆಲಸಕ್ಕೆ ಸೇರಿದಳು. ನರ್ಸುಗಳು ಬೇಡ ಎಂದ ಕೆಲಸ ಆಯಾಗಳದು. ಅವಳಿಗೆ ಮದುವೆಯಾಯಿತು, ಮಕ್ಕಳಾದವು. ಪಟ್ಟಿಗಳು ಮುಂದುವರಿದವು. ಇಪ್ಪತ್ತಮೂರು ವರ್ಷಕ್ಕೆ ಇಪ್ಪತ್ತೆರಡು ಸಾವಿರ ದಾಟಿದವು.

ನಡುವೆ ಒಮ್ಮೆ, ಹನ್ನೆರಡು ವರ್ಷದ ಕೆಳಗೆ, ಅವರು ಒಂದು ಡಬ್ಬವನ್ನು ನನ್ನ ಮನೆಗೆ ತಂದಿದ್ದರು. ನಾನು ಮೇಲಿನ ಹತ್ತು ಪಟ್ಟಿಗಳನ್ನು ಓದಿದೆ. ಒಂದು ತಪ್ಪೂ ಇರಲಿಲ್ಲ. "ಚೆನ್ನಾಗಿದೆ, ಮುಂದುವರಿಸಿ" ಎಂದೆ. ಅವು ಯಾವ ಕ್ರಮದಲ್ಲಿವೆ ಎಂದು ನೋಡಲಿಲ್ಲ. ನೋಡಬೇಕಾಗಿತ್ತು.

ಅಚ್ಚುಕೂಟ ಮುಚ್ಚಿ ಎಂಟು ವರ್ಷವಾಗಿತ್ತು; ಕೂಡಿಟ್ಟ ಪಟ್ಟಿಗಳ ಮೇಲೆ ಬರೆಯುವುದು ನಡೆದೇ ಇತ್ತು. ಅವರಿಗೆ ಎಪ್ಪತ್ತಾದ ವರ್ಷ ಎಡಗಣ್ಣಿನ ನಡುವಿನ ನೋಟ ಹೋಯಿತು. ಬಲಗಣ್ಣಿಗೂ ಅದೇ ರೋಗ ಹತ್ತಿದೆ ಎಂದು ಕಣ್ಣಿನ ಡಾಕ್ಟರು ಹೇಳಿದರು. ಅಂಚಿನ ನೋಟ ಉಳಿಯುತ್ತದೆ, ಓಡಾಡಬಹುದು, ಓದುವುದು ಆಗದು. ಎಷ್ಟು ದಿನ ಎಂದು ಕೇಳಿದ್ದಕ್ಕೆ, ನಾಲ್ಕು ತಿಂಗಳು, ಬಹಳವೆಂದರೆ ಐದು.

ಅವರು ಆಸ್ಪತ್ರೆಯಿಂದ ನೇರ ನನ್ನ ಮನೆಗೆ ಬಂದರು. ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಹೇಳಿದರು.

"ಮೇಡಂ, ಪುಸ್ತಕ ಆಗ್ಬೇಕು. ಕರಡು ತಿದ್ದೋಕೆ ನನ್ನ ಕಣ್ಣಿರಬೇಕು. ಆಮೇಲೆ ಕಣ್ಣು ಹೋದ್ರೆ ಹೋಗ್ಲಿ."

ಶಾಲಾ ಪುಸ್ತಕಗಳನ್ನು ಹೊರತರುವ ಒಬ್ಬ ಪ್ರಕಾಶಕರು ನನ್ನ ಹಳೆಯ ವಿದ್ಯಾರ್ಥಿ. ಕೇಳಿದೆ. ಪದಗಳು ಅಕಾರಾದಿಯಲ್ಲಿರಬೇಕು, ಎ ಇಂದ ಝಡ್ ವರೆಗೆ ಪೂರ್ತಿ ಇರಬೇಕು, ಶಾಲೆ ಶುರುವಾಗುವ ಮುಂಚೆ ಕೈಗೆ ಬರಬೇಕು ಎಂದರು. ಐದು ತಿಂಗಳಿತ್ತು. ಒಪ್ಪಿಕೊಂಡು, ಮೊಳೆಯವರ ಮನೆಗೆ ಮೊದಲ ಸಲ ಹೋದೆ.

ಹಲಗೆಯ ಮೇಲೆ ಡಬ್ಬಗಳು. ಕಣ್ಣಿನ ಮಟ್ಟಕ್ಕೆ, ಕೈಗೆ ಹತ್ತಿರ, ಆಫ್ ಎಂದು ಬರೆದ ಏಳು ಡಬ್ಬ. ಅದರ ಪಕ್ಕ ಟು, ಫಾರ್, ಇನ್. ಮೇಲಿನ ಹಲಗೆಯಲ್ಲಿ ವಿತ್, ಅಬೌಟ್, ಆನ್, ಅಟ್, ಫ್ರಂ. ಕೆಳಗೆ ಮೂಲೆಯಲ್ಲಿ ಬಿಟ್ವೀನ್, ಟುವರ್ಡ್ಸ್, ಅಗೇನ್ಸ್ಟ್.

"ಇದೇನು ಕ್ರಮ?" ಎಂದೆ.

"ಖಾನೆ ಕ್ರಮ, ಮೇಡಂ." ಅವರ ಮುಖದಲ್ಲಿ ಹೆಮ್ಮೆ ಇತ್ತು. "ಮೊಳೆಯ ಪೆಟ್ಟಿಗೆ ಹೀಗೇ ಇರೋದು. ಹೆಚ್ಚು ಬಳಸೋ ಮೊಳೆಗೆ ದೊಡ್ಡ ಖಾನೆ, ಕೈಗೆ ಹತ್ತಿರ. ಅಪರೂಪಕ್ಕೆ ಬೇಕಾಗೋದು ಮೂಲೇಲಿ. ಅಕಾರಾದಿ ಅಂತ ಇಟ್ರೆ ಯಾವ ಕೆಲಸಗಾರನೂ ದಿನಕ್ಕೆ ಒಂದು ಪುಟ ಜೋಡಿಸಲ್ಲ."

"ಗುಡ್ ಎಲ್ಲಿದೆ?"

"ಯಾವ ಗುಡ್?"

"ಗುಡ್, ಅಷ್ಟೆ."

"ಅಟ್ ಬೇಕಾ, ಫಾರ್ ಬೇಕಾ, ಟು ಬೇಕಾ, ವಿತ್ ಬೇಕಾ?" ಕೈ ಆಗಲೇ ಎದ್ದಿತ್ತು. ನಾಲ್ಕು ಡಬ್ಬಗಳಿಂದ ನಾಲ್ಕು ಪಟ್ಟಿ ತೆಗೆದರು. ಒಂದು ನಿಮಿಷವೂ ಆಗಲಿಲ್ಲ. ಕೆಲಸದಲ್ಲಿ ಜಾಣ, ಹೊಟ್ಟೆಗೆ ಒಳ್ಳೆಯದು, ನೆರೆಯವರನ್ನು ಚೆನ್ನಾಗಿ ನೋಡಿಕೊಳ್ಳುವವನು, ಮಕ್ಕಳನ್ನು ಸಂಭಾಳಿಸಬಲ್ಲವಳು. ನಾಲ್ಕೂ ಸರಿ.

"ನಾನು ಶಾಲೆಯ ಹುಡುಗಿ ಅಂದುಕೊಳ್ಳಿ," ಎಂದೆ. "ನನಗೆ ಗುಡ್ ಗೊತ್ತು. ಅದರ ಮುಂದೆ ಏನು ಬರುತ್ತದೆ ಅನ್ನೋದು ಗೊತ್ತಿಲ್ಲ. ಅದಕ್ಕೇ ನಿಮ್ಮ ಪುಸ್ತಕ ತೆಗೆದಿದ್ದೇನೆ. ಯಾವ ಡಬ್ಬ ತೆರೆಯಲಿ?"

ಅವರು ಹಲಗೆಯ ಕಡೆ ತಿರುಗಿದರು. ಅಂಚಿನ ನೋಟದಿಂದ ನೋಡಲು ಅವರು ತಲೆಯನ್ನು ಓರೆ ಮಾಡಿಕೊಳ್ಳುತ್ತಿದ್ದರು. ಹಾಗೆ ಓರೆಯಾದ ತಲೆ ಮತ್ತೆ ನೇರವಾಗಲು ಬಹಳ ಹೊತ್ತು ಹಿಡಿಯಿತು.

ಹೆಂಡತಿ ಮುಂದಿನ ಕೋಣೆಯಿಂದ ಕೈಯಲ್ಲಿ ಅಂಗಿ ಹಿಡಿದುಕೊಂಡೇ ಬಂದರು. "ಏನಾಯ್ತು? ತಪ್ಪಿದ್ಯಾ?"

"ತಪ್ಪು ಒಂದೂ ಇಲ್ಲ," ಎಂದೆ. "ಬೀಗದ ಕೈಯನ್ನು ಪೆಟ್ಟಿಗೆಯ ಒಳಗಿಟ್ಟು ಬೀಗ ಹಾಕಿದ್ದಾರೆ."

ಆಕೆ ಇಂಗ್ಲಿಷಿನ ಒಂದಕ್ಷರ ಓದಿದವರಲ್ಲ. ಆದರೂ ತಕ್ಷಣ ಅರ್ಥವಾಯಿತು. "ಅಂದ್ರೆ, ಊರಿಗೆ ದಾರಿ ಗೊತ್ತಿದ್ದೋರಿಗೆ ಮಾತ್ರ ದಾರಿ ತೋರ್ಸೋ ಹಲಗೆ. ಇಪ್ಪತ್ತಮೂರು ವರ್ಷ ರೀ! ಅಡುಗೆಮನೇಲಿ ನನಗೊಂದು ಸೌಟು ಇಡೋಕೆ ಜಾಗ ಇಲ್ಲ."

ಮೊಳೆಯವರು ಅಲ್ಲೇ ನೆಲದ ಮೇಲೆ ಕುಳಿತರು. "ನಾನು ಜೋಡಿಸೋನು," ಎಂದರು. "ಓದೋನು ಹೇಗೆ ಹುಡುಕ್ತಾನೆ ಅಂತ ನಾನು ಯಾವತ್ತೂ..."

ಎಲ್ಲವನ್ನೂ ಮರಳಿ ವಿಂಗಡಿಸಬೇಕಿತ್ತು, ಅಕಾರಾದಿಯಾಗಿ, ಅವರ ಕಣ್ಣು ಹೋಗುವಷ್ಟರಲ್ಲಿ. ನಾನು ಬಂದು ಕೂಡುತ್ತೇನೆ ಎಂದೆ. ಇಬ್ಬರು ಹಳೆಯ ವಿದ್ಯಾರ್ಥಿನಿಯರನ್ನು ಕರೆತರುತ್ತೇನೆ ಎಂದೆ. ಅವರು ಒಪ್ಪಲಿಲ್ಲ. ಒಬ್ಬನ ಖಾನೆಗೆ ಇನ್ನೊಬ್ಬ ಕೈ ಹಾಕಬಾರದು. ಅದು ಅಚ್ಚುಕೂಟದ ಮೊದಲ ಪಾಠ.

"ನಿಮ್ಮದು ತಿದ್ದೋ ಕೈ ಮೇಡಂ. ಖಾನೆಗೆ ಇಳಿದ್ರೆ ಸುಮ್ನಿರಲ್ಲ. ಒಂದು ಪಟ್ಟಿ ನಿಮಗೆ ಸರಿ ಕಾಣ್ಲಿಲ್ಲ ಅಂತ ಪಕ್ಕಕ್ಕಿಡ್ತೀರಿ, ಅದು ಅಲ್ಲೇ ಉಳಿಯತ್ತೆ. ಬೇಡ. ಇವಳು ಸಾಕು. ಇವಳಿಗೆ ಓದೋಕೆ ಬರಲ್ಲ, ಅದೇ ಒಳ್ಳೇದು."

"ಓದು ಬರದೇ ಇರೋದೂ ಒಂದು ದಿನ ಕೆಲಸಕ್ಕೆ ಬಂತಲ್ಲ!" ಎಂದರು ಆಕೆ.

ಹಟ ಎನ್ನಬಹುದು, ಹೆದರಿಕೆ ಎನ್ನಬಹುದು. ನನ್ನ ದೃಷ್ಟಿಯಲ್ಲಿ ಅದು ಮೂರ್ಖತನ. ಅವರಿಗೆ ಹಾಗೆಯೇ ಹೇಳಿದೆ, ಅವರು ಕೇಳಲಿಲ್ಲ. ನಾನು ವಾರಕ್ಕೆರಡು ದಿನ ಬಂದು ಮಂಚದ ಮೇಲೆ ಕುಳಿತು ನೋಡುತ್ತಿದ್ದೆ, ಅಷ್ಟೆ. ಬೆಳಗಿನ ಬೆಳಕು ಕಿಟಕಿಯಲ್ಲಿ ಬಂದ ಕೂಡಲೇ ಆಕೆ ನೆಲದ ಮೇಲೆ ಹಳೆಯ ಚಾದರ ಹಾಸಿ ಇಪ್ಪತ್ತಾರು ಕಡೆ ಒಂದೊಂದು ಗುಂಡಿ ಇಟ್ಟು ಗುರುತು ಮಾಡುತ್ತಿದ್ದರು. ಮೊದಲ ಅಕ್ಷರದ ಆಕಾರ ನೋಡಿ ಪಟ್ಟಿ ಹಂಚುವುದು ಆಕೆಯ ಕೆಲಸ. ಒಳಗಿನ ಕ್ರಮ, ಎರಡನೆಯ ಮೂರನೆಯ ಅಕ್ಷರದ್ದು, ಅವರದು.

ಆಕೆ ಅಕ್ಷರಗಳಿಗೆ ತನ್ನ ಕಸುಬಿನ ಹೆಸರಿಟ್ಟುಕೊಂಡರು. ಓ ಎಂದರೆ ಗುಂಡಿ. ಇ ಎಂದರೆ ಹೊಲಿದ ಗುಂಡಿ, ನಡುವೆ ದಾರ ಇದೆಯಲ್ಲ. ಎ ಬಾಲದ ಗುಂಡಿ, ಸಿ ಅರ್ಧ ಕಾಜಾ, ಎಲ್ ಸೂಜಿ, ಎನ್ ಒಂದು ಕಮಾನು, ಎಂ ಎರಡು ಕಮಾನು, ಕೆ ಬಾಯಿ ತೆರೆದ ಕತ್ತರಿ, ಎಸ್ ಸಿಕ್ಕು ಬಿದ್ದ ದಾರ. ಬಿ ಮತ್ತು ಡಿ ಮಾತ್ರ ಆಕೆಗೆ ಒಗ್ಗಲಿಲ್ಲ. ಸಣ್ಣಕ್ಷರದಲ್ಲಿ ಎರಡಕ್ಕೂ ಒಂದು ಕೋಲು, ಒಂದು ಹೊಟ್ಟೆ.

"ಹೊಟ್ಟೆ ಯಾವ ಕಡೆಗಿದೆ ನೋಡೇ!"

"ನೋಡಿದೆ. ನಿಮ್ಮ ಹೊಟ್ಟೆ ಹಾಗೆ ಮುಂದಕ್ಕಿದೆ."

"ಮುಂದಕ್ಕಿದ್ರೆ ಬಿ."

"ಮುಂದಕ್ಕೆ ಅಂದ್ರೆ ನಿಮ್ಮ ಕಡೆಗಾ, ನನ್ನ ಕಡೆಗಾ? ನೀವು ಎದುರಿಗೆ ಕೂತಿದ್ದೀರಲ್ಲ."

ಮೊಳೆಯವರು ನಕ್ಕರು. ಅಚ್ಚುಕೂಟದಲ್ಲಿ ಮೊದಲ ವರ್ಷ ತನಗೂ ಹಾಗೇ ಆಗುತ್ತಿತ್ತು, ಯಜಮಾನರು ಕಿವಿ ಹಿಂಡುತ್ತಿದ್ದರು ಎಂದರು. ಆ ಐದು ತಿಂಗಳಲ್ಲಿ ಅವರು ನಕ್ಕದ್ದನ್ನು ನಾನು ನೋಡಿದ್ದು ಆ ಒಂದು ಸಲ. ಬಿ ರಾಶಿ ಮತ್ತು ಡಿ ರಾಶಿ ಪೂರ್ತಿ ಬೆರೆತುಹೋಗಿದ್ದವು. ಬಿಡಿಸಲು ಒಂಬತ್ತು ದಿನ ಹಿಡಿಯಿತು. ಒಂಬತ್ತು ದಿನವೆಂದರೆ ಅವರ ಉಳಿದ ಓದಿನ ಹತ್ತರಲ್ಲೊಂದು ಪಾಲು.

ಮೊದಲ ತಿಂಗಳಲ್ಲಿ ಅವರು ಪಟ್ಟಿಯನ್ನು ಕನ್ನಡಕದಲ್ಲಿ ಓದುತ್ತಿದ್ದರು. ಎರಡನೆಯ ತಿಂಗಳು ಭೂತಗನ್ನಡಿ ಬಂತು. ಮೂರನೆಯ ತಿಂಗಳು ಪಟ್ಟಿಯನ್ನು ಕಿವಿಯ ಹತ್ತಿರ ಹಿಡಿದು, ಮುಖ ಗೋಡೆಗೆ ತಿರುಗಿಸಿ, ಕಣ್ಣಂಚಿನಿಂದ ಒಂದೊಂದಕ್ಷರ ಹಿಡಿಯುತ್ತಿದ್ದರು. ಯಾರೋ ಗುಟ್ಟು ಹೇಳಿದ್ದನ್ನು ಕೇಳಿಸಿಕೊಳ್ಳುವವರಂತೆ ಕಾಣುತ್ತಿತ್ತು. ದಿನಕ್ಕೆ ನೂರೈವತ್ತು ಪಟ್ಟಿ ಇದ್ದದ್ದು ನೂರಾಯಿತು, ಐವತ್ತಾಯಿತು. ಆಕೆ ಹೊಲಿಗೆಯ ಕೆಲಸವನ್ನು ಪೂರ್ತಿ ಬಿಟ್ಟರು. ಊಟಕ್ಕೆ ಏಳಿ ಎಂದರೆ ಅವರು ಗದರುತ್ತಿದ್ದರು. ಮೋಡ ಬಂದು ಬೆಳಕು ಕುಂದಿದರೆ ಅದಕ್ಕೂ ಆಕೆಯನ್ನೇ ಗದರುತ್ತಿದ್ದರು.

"ಮೋಡಾನೂ ನಾನೇ ತಂದೆನಾ?"

"ಮಾತಾಡ್ಬೇಡ. ಎಫ್ ಕೊಡು."

ಮೂರನೆಯ ತಿಂಗಳ ಕೊನೆಯ ಭಾನುವಾರ ಮಗಳು ಬಂದಳು. ಅವಳಿಗೀಗ ನಲವತ್ತೊಂದು, ಕೂದಲು ನೆರೆಯಲು ಶುರುವಾಗಿದೆ, ಆಸ್ಪತ್ರೆಯ ನೆಲ ಒರೆಸಿ ಒರೆಸಿ ಮೊಣಕಾಲು ಸವೆದಿದೆ. ಹಣ್ಣಿನ ಚೀಲ ಕೆಳಗಿಟ್ಟು, ಚಾದರದ ಅಂಚಿನಲ್ಲಿ ಕುಳಿತು, ಮುಗಿದ ಎ ಡಬ್ಬದಿಂದ ಒಂದು ಪಟ್ಟಿ ಎತ್ತಿಕೊಂಡಳು. ಅಫ್ರೇಡ್ ಆಫ್. ಅದು ಅವರು ಬರೆದ ಮೊದಲ ಪಟ್ಟಿ. ಅವಳು ಪದವನ್ನು ಓದಲಿಲ್ಲ. ಮೂಲೆಯ ತಾರೀಖನ್ನು ಓದಿದಳು. ಇನ್ನೊಂದು ಪಟ್ಟಿ ಎತ್ತಿದಳು, ಮತ್ತೊಂದು. ಹತ್ತು ಹನ್ನೆರಡು ಪಟ್ಟಿಗಳನ್ನು ಬೇರೆ ಇಟ್ಟುಕೊಂಡಳು.

"ಅಪ್ಪಾ, ಇದು ನನ್ನ ಎರಡನೇ ಪರೀಕ್ಷೆಗೆ ಎರಡು ತಿಂಗಳು ಮುಂಚಿಂದು."

ಅವರು ಕೈಯಲ್ಲಿದ್ದ ಪಟ್ಟಿಯನ್ನು ಕಿವಿಯಿಂದ ಇಳಿಸಿದರು.

"ಮೂರನೇ ಪರೀಕ್ಷೆ ಹೊತ್ತಿಗೆ ಎಷ್ಟಿತ್ತು?"

"ಸಾವಿರದ ಇನ್ನೂರು."

"ಸಾವಿರದ ಇನ್ನೂರು! ನಾನು ಕೇಳಿದ್ದು ಇಪ್ಪತ್ತು ಅಪ್ಪಾ. ದಿನಾ ಕೇಳ್ತಿದ್ದೆ. ಆಯ್ತಾ ಅಪ್ಪಾ, ಆಯ್ತಾ ಅಪ್ಪಾ ಅಂತ."

"ಪೂರ್ತಿ ಆಗಿರ್ಲಿಲ್ಲ ಮಗಳೇ. ಅರ್ಧ ಜೋಡಿಸಿದ ಪುಟಾನ ಅಚ್ಚಿಗೆ ಕೊಡೋಕಾಗಲ್ಲ. ಮಧ್ಯೆ ಒಂದು ತಪ್ಪಿದ್ರೆ ನೀನು ತಪ್ಪು ಬರೀತಿದ್ದೆ."

"ತಪ್ಪೇ ಬರ್ದೆನಲ್ಲ!" ಅವಳ ಧ್ವನಿ ಏರಲಿಲ್ಲ. ಏರಿದ್ದರೆ ಆ ಮನೆಯಲ್ಲಿ ಇದ್ದವರಿಗೆ ಸುಲಭವಾಗುತ್ತಿತ್ತು. "ನಾಲ್ಕು ಮಾರ್ಕಲ್ಲಿ ಹೋಯ್ತು ಮೂರನೇದು. ನಾಲ್ಕೇ. ಅಮ್ಮಾ, ನಿನಗೆ ಗೊತ್ತಿತ್ತಾ?"

"ನಂಗೆ ಅದು ಬರೀ ಕಾಗದ ಕಣೇ," ಎಂದರು ತಾಯಿ. "ಕಾಗದ ಅಂತ ಗುಡಿಸಿ ಒಲೆಗೂ ಹಾಕಿಬಿಡ್ತಿದ್ದೆ, ಇವರು ಬೈತಾರೆ ಅಂತ ಸುಮ್ನಿದ್ದೆ."

"ಹಾಕಿದ್ರೆ ಚೆನ್ನಾಗಿತ್ತು."

ಮಗಳು ಎದ್ದು ಹೋದಳು. ಪಟ್ಟಿಗಳನ್ನು ಮಾತ್ರ ಎಲ್ಲಿಂದ ಎತ್ತಿದ್ದಳೋ ಅಲ್ಲಿಗೇ, ಅದೇ ಕ್ರಮದಲ್ಲಿ ಇಟ್ಟು ಹೋದಳು. ಆರು ಭಾನುವಾರ ಬರಲಿಲ್ಲ.

ನಾಲ್ಕನೆಯ ತಿಂಗಳು ಮುಗಿಯಲು ಎರಡು ದಿನವಿದ್ದಾಗ, ಜೆ ಮುಗಿಸಿ ಕೆ ಎತ್ತಿಕೊಂಡ ಮುಂಜಾನೆ, ಮೊಳೆಯವರು ಪಟ್ಟಿಯನ್ನು ಎಡಕ್ಕೆ ಹಿಡಿದರು, ಬಲಕ್ಕೆ ಹಿಡಿದರು, ಮೇಲೆ ಹಿಡಿದರು. ಕೆಳಗಿಟ್ಟು ಇನ್ನೊಂದನ್ನು ತೆಗೆದರು. ನಾನು ಅವತ್ತು ಅಲ್ಲಿದ್ದೆ. ಅವರು ಹನ್ನೊಂದು ಪಟ್ಟಿಗಳನ್ನು ಹಾಗೆ ನೋಡಿದರು. ಆಮೇಲೆ ಬಹಳ ಸಾಧಾರಣವಾಗಿ, "ಮೊಳೆ ಸವೆದುಹೋಯ್ತು" ಎಂದರು.

ಹೆಂಡತಿ ಪಟ್ಟಿಯನ್ನು ಅವರ ಕೈಯಿಂದ ತೆಗೆದುಕೊಂಡು, ಬೆಳಕಿಗೆ ಹಿಡಿದು, ಹೇಳತೊಡಗಿದರು: "ಬಾಯಿ ತೆರೆದ ಕತ್ತರಿ. ಹೊಲಿದ ಗುಂಡಿ. ಇನ್ನೊಂದು ಹೊಲಿದ ಗುಂಡಿ. ಒಂದು ಕಮಾನು."

ಅವರು ತಡೆದು ಹೇಳಿದರು: "ಕೀನ್. ಆನ್. ಹಂಬಲ ಇರೋನು."

"ಎಲ್ಲಿಡ್ಲಿ?"

"ಮೊದಲು."

ಹಾಗೆ ದಿನಕ್ಕೆ ನಲವತ್ತು ಪಟ್ಟಿ ಸಾಗಿತು. ನಲವತ್ತರಲ್ಲಿ ಐದಾರು ಗೊತ್ತಾಗದೆ ಉಳಿಯುತ್ತಿದ್ದವು. ಆಕೆ ಒಂದು ಕಮಾನನ್ನು ಎರಡು ಎಂದರೆ ಪದವೇ ಬೇರೆ. ಉಳಿದಿದ್ದದ್ದು ಹನ್ನೆರಡು ಸಾವಿರದಷ್ಟು. ಲೆಕ್ಕ ಮಾಡಲು ಗಣಿತ ಬೇಕಿರಲಿಲ್ಲ. ನಾನು ಮತ್ತೆ ಕೇಳಿದೆ: ನಾನು ಓದಲೇ? ಈ ಸಲ ಅವರು ಬೇಡ ಎನ್ನಲೂ ಇಲ್ಲ, ಹೂಂ ಎನ್ನಲೂ ಇಲ್ಲ.

ಪ್ರಕಾಶಕರ ಬಳಿ ಹೋದೆ. ಜೆ ವರೆಗೆ ಸಿದ್ಧವಾಗಿದೆ, ಮೊದಲ ಭಾಗವೆಂದು ತನ್ನಿ ಎಂದೆ. "ಮೇಡಂ, ಅರ್ಧ ನಿಘಂಟು ಅಂದ್ರೆ ಅರ್ಧ ಸೇತುವೆ," ಎಂದರು. ಒಳ್ಳೆಯ ಹುಡುಗ, ಮಾತು ಕಲಿತಿದ್ದಾನೆ. ಆ ಮಾತನ್ನು ಬದಲಿಸದೆ ಮೊಳೆಯವರಿಗೆ ಒಪ್ಪಿಸಿದೆ. ಸಿಹಿ ಸವರಿ ಹೇಳುವ ಅಭ್ಯಾಸ ನನಗಿಲ್ಲ.

"ಸರಿಯಾಗೇ ಹೇಳಿದ್ದಾರೆ," ಎಂದರು ಅವರು. "ನಾನಾದ್ರೂ ಅದೇ ಹೇಳ್ತಿದ್ದೆ."

ಅವತ್ತಿನಿಂದ ಅವರು ಉತ್ತರ ಕೊಡುವುದನ್ನು ನಿಲ್ಲಿಸಿದರು. ಹೆಂಡತಿ ಬೆಳಿಗ್ಗೆ ಚಾದರ ಹಾಸುವುದನ್ನು ಬಿಡಲಿಲ್ಲ. "ಸೂಜಿ. ಬಾಲದ ಗುಂಡಿ. ಅರ್ಧ ಕಾಜಾ. ಕತ್ತರಿ," ಎಂದು ಹೇಳಿ ಕಾಯುವರು. ಅವರು ಗೋಡೆಗೆ ಮುಖ ಮಾಡಿ ಕುಳಿತಿರುವರು. ಆಕೆ ಆ ಪಟ್ಟಿಯನ್ನು ಮಡಿಲಿಗೆ ಹಾಕಿಕೊಂಡು ಮುಂದಿನದನ್ನು ಎತ್ತಿಕೊಳ್ಳುವರು. ಮಡಿಲು ತುಂಬಿದರೆ ಮತ್ತೆ ರಾಶಿಗೆ ಸುರಿದು ಮೊದಲಿನಿಂದ ಶುರು. ಹನ್ನೊಂದು ದಿನ ಹೀಗೆ. ಊಟ ಕಲಸಿ ಕೈಗಿಟ್ಟರೆ ತಿನ್ನುತ್ತಿದ್ದರು, ಇಡದಿದ್ದರೆ ಕೇಳುತ್ತಿರಲಿಲ್ಲ. "ಇವರು ಹೋಗಿಬಿಡ್ತಾರೆ ಅಮ್ಮಾ," ಎಂದರು ಆಕೆ ನನಗೆ, ಹಿಂದಿನ ಕೋಣೆಯಲ್ಲಿ, ಪಿಸುಮಾತಿನಲ್ಲಿ. "ಬೈದ್ರೆ ಸಾಕಿತ್ತು. ಮೋಡಕ್ಕಾದ್ರೂ ಬೈಲಿ."

ಮಗಳಿಗೆ ಹೇಳಿ ಕಳಿಸಿದ್ದು ನಾನು. ಬಾ ಎಂದು ಬೇಡಿಕೊಳ್ಳಲಿಲ್ಲ. ತಂದೆಯ ಸ್ಥಿತಿ ಹೀಗಿದೆ, ಬರುವುದು ಬಿಡುವುದು ನಿನಗೆ ಸೇರಿದ್ದು ಎಂದೆ. ಅವಳು ಹನ್ನೆರಡನೆಯ ದಿನ ಕೆಲಸದ ಉಡುಪಿನಲ್ಲೇ ಬಂದಳು. ಚಾದರದ ಮೇಲೆ ಕಾಲಿಡದೆ ಬಾಗಿಲ ಹತ್ತಿರ ನಿಂತಳು. ಹೇಗಿದ್ದೀಯಾ ಎಂದು ಕೇಳಲಿಲ್ಲ. ಜೇಬಿನಿಂದ ನಾಲ್ಕು ಮಡಿಕೆಯ ಒಂದು ಹಾಳೆ ತೆಗೆದಳು.

"ಅಪ್ಪಾ, ನಮ್ಮಲ್ಲಿ ನರ್ಸಿಂಗ್ ಕಲಿಯೋ ಹುಡುಗಿ ಒಬ್ಳಿದ್ದಾಳೆ. ನಾಳೆ ಇಂಗ್ಲಿಷ್ ಪರೀಕ್ಷೆ. ಅಳ್ತಾ ಕೂತಿದ್ಲು. ರೆಸ್ಪಾನ್ಸಿಬಲ್‌ಗೆ ಏನು ಬರತ್ತೆ?"

ಗೋಡೆಯ ಕಡೆಗಿದ್ದ ತಲೆ ಅಲ್ಲಾಡಿತು.

"ತಡಿ," ಎಂದರು. ಹನ್ನೊಂದು ದಿನ ಮುಚ್ಚಿದ್ದ ಗಂಟಲಿನಿಂದ ಮಾತು ಕೆರೆದುಕೊಂಡು ಬಂತು. "ಆರ್ ಇನ್ನೂ ಆಗಿಲ್ಲ. ಆದ ಮೇಲೆ—"

ಅಲ್ಲಿಗೆ ನಿಂತರು. ಮಗಳು ಹಾಳೆಯನ್ನು ಮಡಿಚಲಿಲ್ಲ. ಹೆಂಡತಿ ಮಡಿಲಿನ ಪಟ್ಟಿಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

"ಫಾರ್," ಎಂದರು ಮೊಳೆಯವರು. "ಮಾಡಿದ ಕೆಲಸಕ್ಕೆ, ನೋಡ್ಕೋಬೇಕಾದ ಮನುಷ್ಯರಿಗೆ, ಎರಡಕ್ಕೂ ಫಾರ್. ಯಾರಿಗೆ ಉತ್ತರ ಕೊಡ್ಬೇಕೋ ಅವರ ಹೆಸರು ಬಂದ್ರೆ ಟು. ರೋಗಿ ವಿಷಯಕ್ಕೆ ಫಾರ್, ಡಾಕ್ಟರಿಗೆ ಟು. ಬರ್ಕೊಂಡೆಯಾ?"

"ಬರ್ಕೊಂಡೆ. ಅಲರ್ಜಿಕ್?"

"ಟು."

"ಕ್ಯೂರ್?"

"ಹೆಸರಾದ್ರೆ ಫಾರ್. ರೋಗಕ್ಕೆ ಮದ್ದು."

"ಆಂಗ್ಷಸ್?"

"ದಿಗಿಲಾದ್ರೆ ಅಬೌಟ್. ಬೇಕು ಅಂತ ಕಾತರ ಆದ್ರೆ ಫಾರ್. ವಾಕ್ಯ ಪೂರ್ತಿ ಓದಿ ಹಾಕು ಅಂತ ಹೇಳು ಆ ಹುಡುಗಿಗೆ."

ಹಾಳೆಯಲ್ಲಿ ಇಪ್ಪತ್ತು ಬಿಟ್ಟ ಜಾಗಗಳಿದ್ದವು. ಇಪ್ಪತ್ತಕ್ಕೂ ಅವರು ಕೇಳಿದ ಕೂಡಲೇ ಹೇಳಿದರು. ಹದಿನಾರನೆಯದಕ್ಕೆ ತಪ್ಪು ಹೇಳಿ, ಹದಿನೇಳನೆಯದರ ನಡುವೆ ನೆನಪಾಗಿ ತಿದ್ದಿದರು. ಮಗಳು ತಿದ್ದಿಕೊಂಡಳು. ಅಪರಾಹ್ನದ ಪಾಳಿಗೆ ಹೊತ್ತಾಗಿತ್ತು; ತಾಯಿ ಕಾಸಿದ ಚಹಾ ಮುಟ್ಟದೆ ಹೊರಟಳು.

"ಎ ಇಂದ ಜೆ ತನಕ ಸರಿಯಾಗಿದೆ," ಎಂದರು ಮೊಳೆಯವರು ಅವಳ ಹೆಜ್ಜೆಯ ಸಪ್ಪಳದ ಕಡೆಗೆ. "ಆಸ್ಪತ್ರೆಗೆ ಒಯ್ಯಿ. ಆ ನರ್ಸಿಂಗ್ ಹುಡುಗಿಯರ ಮೇಜಿನ ಮೇಲಿಡು."

"ಪೂರ್ತಿ ಆಗಿಲ್ವಲ್ಲ."

"ಆಗಿಲ್ಲ."

"ನನಗಿರೋದು ಎರಡು ಕೈ," ಎಂದಳು ಮಗಳು. ಎರಡು ಡಬ್ಬಗಳನ್ನು ಕಂಕುಳಲ್ಲಿ ಇರುಕಿಕೊಂಡು ಬಸ್ಸಿಗೆ ಹೋದಳು.

ಇದೆಲ್ಲ ಆಗಿ ಹದಿಮೂರು ತಿಂಗಳಾಯಿತು. ಪುಸ್ತಕ ಆಗಲಿಲ್ಲ, ಆಗುವುದೂ ಇಲ್ಲ. ಮೊಳೆಯವರು ಹದಿಮೂರು ತಿಂಗಳಲ್ಲಿ ಇಪ್ಪತ್ತು ವರ್ಷ ಮುದುಕರಾಗಿದ್ದಾರೆ, ಅನೇಕ ದಿನ ಹಾಸಿಗೆಯಿಂದ ಏಳುವುದಿಲ್ಲ. ಈಗ ಖಾನೆಗೆ ಕೈ ಹಾಕಲು ನನಗೂ ಅನುಮತಿ ಇದೆ. ಬುಧವಾರ, ಶುಕ್ರವಾರ ನಾನು ಓದುತ್ತೇನೆ, ಉಳಿದ ದಿನ ಅವರ ಹೆಂಡತಿ. ಆಕೆಯ ಗುಂಡಿ-ಸೂಜಿಗಳನ್ನೇ ಅವರು ಹೆಚ್ಚು ಬೇಗ ಗುರುತಿಸುತ್ತಾರೆ, ನಾನು ಪದವನ್ನೇ ನೇರ ಓದಿದರೆ ತಡವರಿಸುತ್ತಾರೆ. ಭಾನುವಾರ ಮಗಳು ಬರುತ್ತಾಳೆ, ಹುಡುಗಿಯರು ಬರೆದುಕೊಟ್ಟ ಪ್ರಶ್ನೆಗಳನ್ನು ಕೇಳುತ್ತಾಳೆ, ಮುಗಿದ ಡಬ್ಬ ಇದ್ದರೆ ಒಯ್ಯುತ್ತಾಳೆ. ಬೇರೆ ಮಾತಿಲ್ಲ. ಚಹಾ ಕುಡಿಯುವುದಿಲ್ಲ.

ಮೊನ್ನೆ ಆರ್ ಮುಗಿಯಿತು. ಈಗ ಎಸ್ ನಡೆದಿದೆ. ಇಂಗ್ಲಿಷಿನಲ್ಲಿ ಅದಕ್ಕಿಂತ ಹೆಚ್ಚು ಪದ ಹಿಡಿಯುವ ದೊಡ್ಡ ಅಕ್ಷರ ಇನ್ನೊಂದಿಲ್ಲ.